ಮೋಟಿಯ ಬಾಲ

ಜೂನ್ 2, ಸೋಮವಾರ

ಕೈಕೊಡುವುದಕ್ಕೆ ಇಡೀ ಮೈಯಲ್ಲಿ ಮುಖವೇ ಬೇಕಿತ್ತೇ? ಮೊಣಕಾಲಿತ್ತು, ಸೊಂಟವಿತ್ತು, ಇಪ್ಪತ್ತು ವರ್ಷ ಜೀಪಿನಲ್ಲಿ ಕುಲುಕಿ ಹಣ್ಣಾದ ಬೆನ್ನಿತ್ತು. ಅವೆಲ್ಲ ಗುಂಡುಕಲ್ಲಿನಂತಿವೆ. ಶುಕ್ರವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತನ್ನಷ್ಟಕ್ಕೆ ಸೋರಿ ಅಂಗಿಯ ಮೇಲೆ ಇಳಿಯಿತು. ಕನ್ನಡಿ ನೋಡಿದೆ. ಎಡ ಅರ್ಧ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಬಲ ಅರ್ಧ ಇಡೀ ಬಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು.

ಡಾಕ್ಟರು ಹೇಳಿದ್ದು: ಮುಖದ ನರ ಊದಿಕೊಂಡಿದೆ, ಗಾಬರಿ ಬೇಡ. ಕೆಲವರಿಗೆ ವಾರಗಳಲ್ಲಿ ಹೋಗುತ್ತದೆ, ಕೆಲವರಿಗೆ ತಿಂಗಳುಗಳು ಬೇಕು, ಕೆಲವರಿಗೆ ಸ್ವಲ್ಪ ಸೊಟ್ಟ ಉಳಿದೇಬಿಡುತ್ತದೆ. "ನಗ್ತಾ ಇರಿ" ಅಂತಲೂ ಅಂದರು. ಯಾವ ಬಾಯಲ್ಲಿ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಕೇಳಿದರೆ ಜೊಲ್ಲು ಸುರಿಯುತ್ತದೆ.

ಎಡಗಣ್ಣು ಮುಚ್ಚುವುದಿಲ್ಲ. ನಾನು ಕ್ಯಾಮರಾಕ್ಕೆ ಇಡುವುದು ಎಡಗಣ್ಣನ್ನೇ. ಅದು ಈಗ ಒಣಗುತ್ತದೆ, ಉರಿಯುತ್ತದೆ, ಆಮೇಲೆ ನೀರು ಸುರಿಸಿ ಎಲ್ಲ ಮಂಜು ಮಾಡುತ್ತದೆ. ಬಲಗಣ್ಣು ಇಡೋಣವೆಂದರೆ ಎಡಗಣ್ಣನ್ನು ಮುಚ್ಚಬೇಕು, ಅದೇ ಮುಚ್ಚುವುದಿಲ್ಲವಲ್ಲ. ಹೀಗಾಗಿ ಕಾಡಿಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ಕೂತು ಪುಸ್ತಕ ಮುಗಿಸಬೇಕು.

ಪುಸ್ತಕ ನನ್ನದೇ. ಇಷ್ಟು ವರ್ಷ ನನ್ನ ಚಿರತೆಗಳು ಬೇರೆಯವರ ಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಒಮ್ಮೆ ಸೋಪಿನ ಡಬ್ಬದ ಮೇಲೂ ಓಡಾಡಿವೆ. ಈಗ ಮೊದಲ ಸಲ ನನ್ನ ಹೆಸರಿನ ಕೆಳಗೆ. ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕು.

ಈ ಡೈರಿ ನಮ್ಮವರು ಕೊಟ್ಟದ್ದು. ಅವರದು ಔಷಧಿ ಅಂಗಡಿ, ಪ್ರತಿ ಪುಟದ ಅಡಿಯಲ್ಲೂ ಹೊಟ್ಟೆಯುರಿಯ ಮಾತ್ರೆಯೊಂದರ ಜಾಹೀರಾತಿದೆ. ನನಗೆ ಸರಿಯಾಗಿಯೇ ಇದೆ.

ಜೂನ್ 5, ಗುರುವಾರ

ಬಚ್ಚಲಮನೆಯ ಕನ್ನಡಿಗೆ ಟವೆಲು ಹೊದಿಸಿದೆ. ನಮ್ಮವರು ಗಡ್ಡ ಹೆರೆದುಕೊಳ್ಳಲು ಅದನ್ನು ತೆಗೆದು, ಮತ್ತೆ ಹೊದಿಸಿ ಹೋಗಿದ್ದಾರೆ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಇಡೀ ದಿನ ಮೋಟಿ ಎಂಬ ಹೆಣ್ಣು ಚಿರತೆಯ ಚಿತ್ರದ ಮುಂದೆ ಕೂತಿದ್ದೆ. ಮುಖಪುಟಕ್ಕೆ ಅವಳೇ. ಬಂಡೆಯ ಮೇಲೆ ಸಂಜೆ ಬೆಳಕಿನಲ್ಲಿ ನಿಂತು ಎಡಕ್ಕೆ ನೋಡುತ್ತಿದ್ದಾಳೆ. ಎಡಗಿವಿ ಹರಿದಿದೆ, ಎಡ ಭುಜದ ಮೇಲೆ ಒಲೆಗುಂಡುಗಳಂತೆ ಮೂರು ಚುಕ್ಕೆ. ಬಾಲ ಒಂದು ಗೇಣು. ಯಾವ ಬಲೆಯಲ್ಲಿ ಹೋಯಿತೋ, ಯಾರ ಬಾಯಲ್ಲಿ ಹೋಯಿತೋ. ನಾನು ಮೊದಲು ನೋಡಿದಾಗಲೇ ಮೋಟು. ಚಿರತೆಗೆ ಬಾಲವೇ ತಕ್ಕಡಿ. ಅದಿಲ್ಲದೆ ಇವಳು ಮರ ಹತ್ತುವಾಗ ಕಾಂಡಕ್ಕೆ ಹೊಟ್ಟೆ ಒತ್ತಿಕೊಂಡು ಹತ್ತುತ್ತಾಳೆ, ಇಳಿಯುವಾಗ ಹಿಂದೆ ಹಿಂದೆ ಸರಿದು ಇಳಿಯುತ್ತಾಳೆ. ಹೀಗೇ ಎರಡು ಸಲ ಮರಿ ಸಾಕಿದ್ದಾಳೆ.

ನೆರಳನ್ನು ಸ್ವಲ್ಪ ಎತ್ತಿದೆ, ಬಂಡೆಯ ನೀಲಿ ಛಾಯೆ ತೆಗೆದೆ, ಕಣ್ಣಿನ ಹೊಳಪು ಹಾಗೇ ಬಿಟ್ಟೆ. ನನ್ನ ತಿದ್ದುವಿಕೆ ಅಷ್ಟೇ. ಮುನ್ನುಡಿಯಲ್ಲೂ ಬರೆದಿದ್ದೇನೆ: ಇಲ್ಲಿನ ಯಾವ ಪ್ರಾಣಿಗೂ ಏನನ್ನೂ ಸೇರಿಸಿಲ್ಲ, ಯಾವುದರಿಂದಲೂ ಏನನ್ನೂ ತೆಗೆದಿಲ್ಲ, ಬೆಳಕನ್ನಷ್ಟೇ ತಿದ್ದಿದ್ದೇನೆ.

ಜೂನ್ 9, ಸೋಮವಾರ

ಮೈಯೆಲ್ಲ ಉರಿಯುತ್ತಿದೆ.

ಪ್ರಕಾಶನದ ಸಂಪಾದಕಿ ಫೋನು ಮಾಡಿದ್ದರು. ಸಕ್ಕರೆಯಂಥ ದನಿ. "ಮೇಡಂ, ಚಿತ್ರ ಅದ್ಭುತವಾಗಿದೆ. ಒಂದೇ ಒಂದು ಚಿಕ್ಕ ವಿಷಯ. ಬಾಲ ಕಟ್ ಆಗಿದೆ ಅಲ್ವಾ?"

"ಆಗಿಲ್ಲ. ಅದಕ್ಕಿರೋದೇ ಅಷ್ಟು" ಅಂದೆ. ತುಟಿ ಸೇರುವುದಿಲ್ಲವಾಗಿ 'ಬಾಲ' ಎಂಬ ಮಾತು ನನ್ನ ಬಾಯಲ್ಲಿ 'ವಾಲ' ಆಗುತ್ತದೆ. ಹಲ್ಲುನೋವು ಅಂತ ಅವರಿಗೆ ಸುಳ್ಳು ಹೇಳಿದ್ದೇನೆ.

"ನಿಮಗೆ ಗೊತ್ತು ಮೇಡಂ. ಓದುಗರಿಗೆ ಗೊತ್ತಾಗಲ್ವಲ್ಲ. ಫೋಟೋ ತೆಗೆಯೋಕೆ ಬರಲ್ಲ ಅಂದ್ಕೋತಾರೆ. ನಮ್ಮ ಡಿಸೈನರ್ ಹೇಳಿದ್ರು, ಸ್ವಲ್ಪ ಉದ್ದ ಮಾಡಿಬಿಡಬಹುದಂತೆ."

ಬಾಲವನ್ನು ಚೌಕಟ್ಟಿನಿಂದ ಆಚೆ ಬಿಡುವುದು ಕಲಿಯುವವರ ತಪ್ಪು. ನನ್ನ ಮೊದಲ ವರ್ಷವೇ ಅದನ್ನು ಮಾಡಿ ಮುಗಿಸಿದ್ದೇನೆ. ಈ ವಯಸ್ಸಿನಲ್ಲಿ, ನನ್ನ ಮೊದಲ ಪುಸ್ತಕದ ಮುಖಪುಟದ ಮೇಲೆ, ಮಾಡದ ತಪ್ಪಿಗೆ ತಲೆ ಕೊಡಬೇಕು!

ಅವರ ವಿನ್ಯಾಸಕಾರನಿಗೆ ನಾನು ಇಟ್ಟ ಹೆಸರು ಕತ್ತರಿ. ಅಡ್ಡ ಚಿತ್ರ ಕೊಟ್ಟರೆ ಎರಡೂ ಬದಿ ಕತ್ತರಿಸಿ ಉದ್ದ ಮಾಡುತ್ತಾನೆ. ಮೋಟಿಯ ಹಿಂದೆ ಇದ್ದ ಅಷ್ಟಗಲ ಬಂಡೆಯನ್ನು ಕತ್ತರಿಸಿ, ಬಾಲದ ತುದಿಗೆ ಚೌಕಟ್ಟನ್ನು ತಂದು ನಿಲ್ಲಿಸಿದ್ದಾನೆ. ಆಮೇಲೆ ಬಾಲ ಕಟ್ ಆಗಿದೆಯಂತೆ!

ಆಗುವುದಿಲ್ಲ ಎಂದೆ. ಯೋಚನೆ ಮಾಡಿ ಎಂದರು. ಲೇಖಕಿಯ ಫೋಟೋ ಬೇರೆ ಕೇಳಿದರು, ಮುಖಪುಟದ ಒಳಮಡಿಕೆಗೆ. ಹತ್ತು ವರ್ಷದ ಹಿಂದಿನದೊಂದು ಇತ್ತು, ಟೋಪಿ ಹಾಕಿಕೊಂಡು ನಗುತ್ತಿರುವುದು. ಕಳಿಸಿದೆ. ಅದೊಂದು ಕೆಲಸ ಮುಗಿಯಿತು.

ಜೂನ್ 10

ಮುಖಕ್ಕೆ ವ್ಯಾಯಾಮ ಮಾಡಿಸುವ ಹೆಂಗಸು ಬಂದಿದ್ದಳು. ಬಲೂನು ಊದಿದೆ. ಬಲೂನು ಉಬ್ಬಲಿಲ್ಲ.

ಜೂನ್ 14, ಶನಿವಾರ

ವ್ಯಾಯಾಮದವಳು ಪ್ರತಿ ವಾರ ಮುಖದ ಫೋಟೋ ತೆಗೆದಿಡಬೇಕು ಎನ್ನುತ್ತಾಳೆ. "ಸುಧಾರಿಸ್ತಾ ಇರೋದು ದಿನಾ ನೋಡೋರಿಗೆ ತಿಳಿಯಲ್ಲಮ್ಮ. ಪಕ್ಕಪಕ್ಕ ಇಟ್ಟು ನೋಡಿದ್ರೇ ತಿಳಿಯೋದು."

"ಫೋಟೋ ತೆಗೆಯೋದು ನನ್ನ ಕೆಲಸ, ನನ್ನನ್ನ ತೆಗೆಯೋದಲ್ಲ" ಅಂದೆ.

ಅವಳು ನಮ್ಮವರ ಮುಖ ನೋಡಿದಳು. ನಮ್ಮವರು ಚಾವಣಿ ನೋಡಿದರು.

ಜೂನ್ 19, ಗುರುವಾರ

ಓರಗಿತ್ತಿ ಬಂದಿದ್ದಳು, ನಮ್ಮ ಮೈದುನನ ಹೆಂಡತಿ. ಬರುವ ಮುಂಚೆ ಫೋನು ಮಾಡುವ ಪದ್ಧತಿ ಅವಳಿಗಿಲ್ಲ. ಸೀರೆಯ ಸೆರಗನ್ನೆಳೆದು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಒಳಗೆ ಬಂದಾಗಿತ್ತು.

"ಅಯ್ಯೋ ಅಕ್ಕಾ! ಎಷ್ಟು ಚೆನ್ನಾಗಿತ್ತಲ್ಲ ಮುಖ!"

ಇತ್ತು, ಅಂತೆ. ಸತ್ತವರ ಬಗ್ಗೆ ಮಾತಾಡುವ ದನಿ. ಯಾರ ಕಣ್ಣು ಬಿತ್ತೋ ಎಂದಳು. ಕಿಟಕಿ ತೆರೆದು ಮಲಗಿದ್ದಕ್ಕೇ ಹೀಗಾಗಿದ್ದು ಎಂದಳು. ಬಿಸಿ ಬಟ್ಟೆಯ ಶಾಖ, ಯಾವುದೋ ಎಣ್ಣೆ, ಅವಳ ಸೋದರತ್ತೆಗೆ ಹೀಗೇ ಆಗಿ ಕೊನೆಯವರೆಗೂ ಸರಿಹೋಗದೆ ಇದ್ದದ್ದು, ಎಲ್ಲ ಹೇಳಿದಳು. ಕೊನೆಗೆ ನಮ್ಮವರನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ, "ಭಾವ, ಪುಸ್ತಕ ಬಿಡುಗಡೆ ಅಂತೀರಿ, ಜನದ ಮುಂದೆ ಹೆಂಗೆ ಕೂರಿಸ್ತೀರಿ?" ಎಂದಳು. ಹಾಳಾಗಿರುವುದು ಮುಖ, ಕಿವಿಯಲ್ಲ. ಎಲ್ಲ ಕೇಳಿಸಿತು.

ನಾನು ಅವಳ ಬೆನ್ನಿಗೆ ಮೂತಿ ಸೊಟ್ಟ ಮಾಡಿದೆ. ಮಾಡುವ ಮೊದಲೇ ಸೊಟ್ಟವಾಗಿರುವುದರಿಂದ ನನಗೇ ಗೊತ್ತಾಗಲಿಲ್ಲ. ಅಷ್ಟರ ಮಟ್ಟಿಗೂ ಸುಖವಿಲ್ಲ.

ಜೂನ್ 20, ಶುಕ್ರವಾರ

ಸಂಪಾದಕಿಯ ದನಿಯಲ್ಲಿ ಇವತ್ತು ಸಕ್ಕರೆ ಕಡಿಮೆ. ಬಾಲ ಸರಿಮಾಡದಿದ್ದರೆ ಮುಖಪುಟಕ್ಕೆ ಬೇರೆ ಚಿರತೆ ಹಾಕುತ್ತಾರಂತೆ. ಯಾರೋ ತೆಗೆದದ್ದು ಅವರ ಬಳಿ ಇದೆ. ಕಳಿಸಿದರು, ನೋಡಿದೆ. ಬೇಲಿಯೊಳಗೆ ಸಾಕಿದ ಪ್ರಾಣಿ. ಕುತ್ತಿಗೆಯ ಸುತ್ತ ಕೊಬ್ಬು, ಉಗುರು ಸವೆದಿಲ್ಲ, ಬಾಲ ಮಾತ್ರ ಹಗ್ಗದಷ್ಟುದ್ದ. ಬೆಕ್ಕಿನ ಹಾಗೆ ಹೊಟ್ಟೆ ತುಂಬಿ ಕೂತಿದೆ. ನನ್ನ ಪುಸ್ತಕದ ಮೇಲೆ!

ಆಯಿತು, ಹಾಳಾಗಿಹೋಗಲಿ. ನಾನೇ ಕೂತು ಬಾಲ ಮಾಡಿದೆ. ಮೋಟಿಯ ಎಲ್ಲೆಯಲ್ಲೇ ಓಡಾಡುವ ಗಡವ ಎಂಬ ಗಂಡು ಚಿರತೆಯ ಚಿತ್ರದಿಂದ ಬಾಲ ತೆಗೆದು ಇವಳಿಗೆ ಅಂಟಿಸಿದೆ. ಬೆಳಕಿನ ದಿಕ್ಕು ಹೊಂದಿಸಿದೆ, ಬಂಡೆಯ ಮೇಲೆ ನೆರಳು ಬಿಡಿಸಿದೆ, ತುದಿಯನ್ನು ಮೇಲಕ್ಕೆ ಬಾಗಿಸಿದೆ. ಬೇರೆ ಯಾರಾದರೂ ಮಾಡಿದ್ದರೆ ಒಂದು ಗಂಟೆಯಲ್ಲಿ ಕಂಡುಹಿಡಿಯುತ್ತಿದ್ದೆ, ನಾನು ಮಾಡಿದ್ದರಿಂದ ಕಂಡುಹಿಡಿಯುವಂತಿಲ್ಲ.

ಕೆಟ್ಟದಾಗಿ ಬಂದಿದ್ದರೆ ಸಮಾಧಾನವಿರುತ್ತಿತ್ತು. ಚೆನ್ನಾಗಿ ಬಂತು. ಖಾಲಿ ಮೂಲೆಯನ್ನು ಆ ಬಾಗು ಎಷ್ಟು ಲಕ್ಷಣವಾಗಿ ತುಂಬಿತು! ನೋಡುವವರ ಕಣ್ಣು ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ ಹರಿದು ಮತ್ತೆ ತಲೆಗೆ ಬರುತ್ತದೆ. ಸಂಯೋಜನೆಯ ಪಾಠಕ್ಕೆ ಇಡಬಹುದು. ಥೂ.

ಕಳಿಸಿದೆ. "ಸೂಪರ್ ಮೇಡಂ" ಎಂದು ಎರಡೇ ನಿಮಿಷದಲ್ಲಿ ಉತ್ತರ ಬಂತು.

ಜೂನ್ 23

ಏನೂ ಮಾಡಲಿಲ್ಲ. ಯಾರ ಮೇಲೂ ಕೂಗಲಿಲ್ಲ. ನಮ್ಮವರು ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡಿದರು.

ಜೂನ್ 27, ಶುಕ್ರವಾರ

ಮುಖಪುಟದ ಕರಡು ಬಂತು. ತೆರೆದೆ. ತಲೆ ಚಿಟ್ಟು ಹಿಡಿಯಿತು.

ಬೇರೆ ಚಿರತೆ! ಬಲಕ್ಕೆ ನೋಡುತ್ತಿರುವ, ಉದ್ದ ಬಾಲದ, ಬಲಗಿವಿ ಹರಿದ ಯಾವುದೋ ಪ್ರಾಣಿ. ನನ್ನ ಕಾಡಿನ ಒಂದೊಂದು ಚಿರತೆಯ ಎರಡೂ ಮಗ್ಗುಲು ನನಗೆ ಬಾಯಿಪಾಠ, ಬಲಗಿವಿ ಹರಿದದ್ದು ಒಂದೂ ಇಲ್ಲ. ನೇರ ಕತ್ತರಿಗೆ ಫೋನು ಹಚ್ಚಿದೆ. ಹಲೋ ಅನ್ನಲೂ ಬಿಡಲಿಲ್ಲ. ಜೊಲ್ಲು ಸುರಿದರೆ ಸುರಿಯಲಿ ಎಂದು ಬಾಯಿಗೆ ಬಂದಂತೆ ಬೈದೆ. ಬಾಲವನ್ನೂ ಮಾಡಿಸಿಕೊಂಡು ಬೇರೆಯವರ ಚಿರತೆ ಹಾಕುತ್ತೀರಾ, ನಾಚಿಕೆಯಾಗುವುದಿಲ್ಲವಾ, ಯಾವ ಬೇಲಿಯಿಂದ ತಂದಿರಿ ಇದನ್ನು?

ಎಲ್ಲ ಮುಗಿದ ಮೇಲೆ ಆತ ಮೆಲ್ಲಗೆ ಹೇಳಿದ, "ಮೇಡಂ, ಅದು ನಿಮ್ದೇ. ನೀವು ಕಳಿಸಿದ್ದೇ ಫೈಲು. ಎಡಕ್ಕೆ ನೋಡ್ತಾ ಇತ್ತಲ್ಲ, ಪುಸ್ತಕದ ಬೆನ್ನಿಗೆ ಮುಖ ಮಾಡಿದ ಹಾಗೆ ಕಾಣ್ತಿತ್ತು. ಅದಕ್ಕೇ ಕನ್ನಡಿ ಥರ ತಿರುಗಿಸಿದೀನಿ ಅಷ್ಟೇ."

ಫೋನು ಇಟ್ಟೆ. ಮತ್ತೆ ನೋಡಿದೆ. ಬಲ ಭುಜದ ಮೇಲೆ ಒಲೆಗುಂಡುಗಳಂತೆ ಮೂರು ಚುಕ್ಕೆ.

ಆರು ವರ್ಷ ಅವಳ ಹಿಂದೆ ಅಲೆದಿದ್ದೇನೆ. ಹುಲ್ಲಿನ ಮಧ್ಯೆ ಒಂದು ಕಿವಿ ಕಂಡರೂ ಮೋಟಿ ಅಂತ ಹೇಳುತ್ತಿದ್ದೆ. ಇವತ್ತು ಎದುರಿಗೆ ಪೂರ್ತಿ ನಿಂತರೂ ನನಗೆ ಅವಳು ಯಾರೆಂದು ತಿಳಿಯಲಿಲ್ಲ. ತಿರುಗಿಸಿದ್ದು ಕತ್ತರಿ. ಬಾಲ ಕೊಟ್ಟದ್ದು ನಾನು. ಯಾರನ್ನು ಬೈಯುವುದು? ಇಬ್ಬರನ್ನೂ ಬೈದೆ, ಅವನನ್ನು ಫೋನಿನಲ್ಲಿ, ನನ್ನನ್ನು ಬಚ್ಚಲಲ್ಲಿ.

ಜೂನ್ 28, ಶನಿವಾರ

ಸಂಪಾದಕಿಗೆ ಹೇಳಿದೆ: ಬಾಲದ ಚಿತ್ರ ವಾಪಸ್ಸು. ಮೋಟಿ ಇದ್ದ ಹಾಗೆ ಹೋದರೆ ಪುಸ್ತಕ, ಇಲ್ಲದಿದ್ದರೆ ಪುಸ್ತಕವೇ ಬೇಡ.

"ನೀವೇ ತಾನೇ ಮೇಡಂ ಬಾಲ ಮಾಡಿ ಕಳಿಸಿದ್ದು?"

"ಹೌದು. ಕಳಿಸಬಾರದಿತ್ತು."

ಮುದ್ರಣಾಲಯದವರಿಗೆ ಏನು ಹೇಳಲಿ ಎಂದರು, ಬಾಲ ಕಟ್ ಆದ ಮುಖಪುಟ ಯಾರು ಕೊಳ್ಳುತ್ತಾರೆ ಎಂದರು, ಸೋಮವಾರ ತಿಳಿಸುತ್ತೇನೆ ಎಂದು ಫೋನು ಇಟ್ಟರು. ಇಪ್ಪತ್ತು ವರ್ಷದ ಕೆಲಸ ಸೋಮವಾರದ ತನಕ ನೇತಾಡಬೇಕು. ಊಟ ಸೇರಲಿಲ್ಲ. ನಮ್ಮವರು ಚಹಾಕ್ಕೆ ಸ್ಟ್ರಾ ಹಾಕಿ ತಂದುಕೊಟ್ಟರು. ಸ್ಟ್ರಾ ತೆಗೆದು ಬಿಸಾಕಿ ಲೋಟದಲ್ಲೇ ಕುಡಿದೆ. ಅರ್ಧ ಅಂಗಿಗೆ ಹೋಯಿತು. ಹೋಗಲಿ.

ಜೂನ್ 29, ಭಾನುವಾರ

ಮದುವೆಯಾಗಿ ಇಷ್ಟು ವರ್ಷ ನನ್ನ ಜೊತೆ ಬಾಳಿ ಈ ಮನುಷ್ಯ ಒಂದು ಚೌಕಟ್ಟು ಕಟ್ಟುವುದನ್ನು ಕಲಿತಿಲ್ಲ!

ಅಂಗಡಿಗೆ ರಜೆ. ಊಟದ ಕೋಣೆಯ ಕಿಟಕಿಯ ಹತ್ತಿರ ಕೂತು ಏನೋ ಓದುತ್ತಿದ್ದೆ. ಕ್ಲಿಕ್ ಎಂಬ ಸದ್ದಾಯಿತು. ನೋಡಿದರೆ ನನ್ನ ಕ್ಯಾಮರಾ ಹಿಡಿದು ಕಳ್ಳನ ಹಾಗೆ ನಿಂತಿದ್ದಾರೆ.

"ವ್ಯಾಯಾಮದವಳು ಕೇಳಿದ್ಲಲ್ಲ ಇವಳೇ... ಪಕ್ಕಪಕ್ಕ ಇಟ್ಟು ನೋಡೋದಕ್ಕೆ..."

ಕಿತ್ತುಕೊಂಡೆ. ಅಳಿಸಿಬಿಡೋಣ ಎಂದು ಕ್ಯಾಮರಾದ ಪರದೆ ನೋಡಿದೆ. ಬಲಗೆನ್ನೆ, ಬಲಗಣ್ಣು, ಮೂಗಿನ ಅರ್ಧ. ಅಲ್ಲಿಗೆ ಚಿತ್ರ ಮುಗಿಯಿತು. ಮಿಕ್ಕ ಜಾಗದ ತುಂಬ ಕಿಟಕಿಯ ಪರದೆ ಬಟ್ಟೆ.

"ಅರ್ಧ ಮುಖ ಎಲ್ರೀ?"

"ಅದು... ನಿನಗೆ ಬೇಜಾರಾಗ್ಬಾರ್ದು ಅಂತ... ಚೆನ್ನಾಗಿರೋ ಕಡೆ ಮಾತ್ರ..."

"ವ್ಯಾಯಾಮದವಳಿಗೆ ಬೇಕಿರೋದು ಆ ಕಡೆನೋ ಈ ಕಡೆನೋ? ಕತ್ತರಿ ಕೈಲಿ ಟ್ಯೂಷನ್ ಹೇಳಿಸ್ಕೊಂಡು ಬಂದಿದೀರಾ? ಪೂರ್ತಿ ಹಿಡೀಬೇಕು. ಸುತ್ತ ಜಾಗ ಬಿಡಬೇಕು. ಜಾಗ ಬಿಟ್ರೆ ತಾನೇ ಏನಿದೆ ಏನಿಲ್ಲ ಅಂತ ನೋಡೋರಿಗೆ ತಿಳಿಯೋದು!"

ಮತ್ತೆ ತೆಗೆಸಿದೆ. ತಲೆ ಹಾರಿಸಿದರು. ಮತ್ತೆ ತೆಗೆಸಿದೆ. ಗೋಡೆಯ ಸ್ವಿಚ್ಚು ಕಿವಿಯಿಂದ ಹುಟ್ಟಿಬಂದಿತ್ತು. ಕುರ್ಚಿ ಸರಿಸಿದೆ, ಪರದೆ ಅರ್ಧ ಎಳೆದೆ, ಬೆಳಕು ಎಡಗಡೆಗೆ ಬೀಳುವ ಹಾಗೆ ಕೂತೆ, ನೋಟದ ಮುಂದೆ ಜಾಗ ಬಿಡಿ ಎಂದು ಹೇಳಿಕೊಟ್ಟೆ. ಕಣ್ಣಿಗೆ ಫೋಕಸ್ ಮಾಡಿ, ಮೂಗಿಗಲ್ಲ, ಎಂದು ಕೂಗುತ್ತಿರುವಾಗ ಒತ್ತಿದರು. ಅದೊಂದು ತಕ್ಕಮಟ್ಟಿಗೆ ಬಂದಿದೆ. ಬಾಯಿ ಬಲಕ್ಕೆ ಕಿವಿಯವರೆಗೂ ಹೋಗಿದೆ, ಎಡಗಣ್ಣು ಬಿಟ್ಟಕಣ್ಣು. ಆದರೆ ರೆಪ್ಪೆ ಬಡಿಯದ ಕಣ್ಣಲ್ಲವೇ, ಒಂದೊಂದು ಕೂದಲೂ ಎಣಿಸುವಷ್ಟು ತೀಕ್ಷ್ಣವಾಗಿ ಸಿಕ್ಕಿದೆ. ನೆರಳನ್ನು ಸ್ವಲ್ಪ ಎತ್ತಿದೆ, ಅಷ್ಟೇ.

ಸುತ್ತ ಜಾಗ ಬಿಡಬೇಕು ಎಂದು ಕೂಗಿದವಳು ನಾನೇ. ಆಮೇಲೆ ಚಹಾ ಕುಡಿಯುವಾಗ ಹೊಳೆಯಿತು. ಮೋಟಿಯ ಚಿತ್ರವನ್ನು ಕತ್ತರಿಸುವುದೇ ಬೇಡ. ಅಡ್ಡ ಚಿತ್ರವನ್ನು ಹಾಗೇ ಹಾಸಿದರೆ ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿನವರೆಗೆ ಒಂದೇ ಬಂಡೆ. ಮೋಟಿ ಮುಂಬದಿಗೆ ಬರುತ್ತಾಳೆ, ಬಾಲದ ಆಚೆ ಗೇಣಗಲ ಖಾಲಿ ಬಂಡೆ ಉಳಿಯುತ್ತದೆ. ಬಾಲ ಮುಗಿದದ್ದು ಚೌಕಟ್ಟಿನಲ್ಲಲ್ಲ, ಚಿರತೆಯಲ್ಲಿ ಎಂದು ಕುರುಡನಿಗೂ ತಿಳಿಯುತ್ತದೆ. ಅವಳ ನೋಟ ಪುಸ್ತಕದ ಬೆನ್ನು ದಾಟಿ ಹಿಂಬದಿಗೆ ಹೋಗುತ್ತದೆ. ಅಲ್ಲಿ ಅವಳು ಏನು ನೋಡುತ್ತಿದ್ದಾಳೆ ಎಂದು ಕೊಂಡವನು ತಿರುಗಿಸಿ ನೋಡಲಿ.

ಸಂಪಾದಕಿಗೆ ಬರೆದು ಕಳಿಸಿದೆ. ಕತ್ತರಿಗೂ ಒಂದು ಪ್ರತಿ, ಕೆಂಪು ಅಕ್ಷರದಲ್ಲಿ.

ಜುಲೈ 3, ಗುರುವಾರ

ಒಪ್ಪಿದರು! ಸೋಮವಾರ ಅಂದವರು ಗುರುವಾರ ಒಪ್ಪಿದರು. ಮೂರು ದಿನ ನನ್ನ ಹೊಟ್ಟೆ ಉರಿಸಿದ್ದಕ್ಕೆ ಒಂದು ಕ್ಷಮೆಯಿಲ್ಲ.

"ಸುತ್ತು ಮುಖಪುಟ ಚೆನ್ನಾಗಿ ಕಾಣುತ್ತೆ ಮೇಡಂ" ಎಂದರು ಸಂಪಾದಕಿ. ತಾವೇ ಕಂಡುಹಿಡಿದ ಹಾಗೆ. ಆಮೇಲೆ, "ಒಂದೇ ಒಂದು ಚಿಕ್ಕ ವಿಷಯ" ಎಂದರು. ಈ ಹೆಂಗಸಿನ ಚಿಕ್ಕ ವಿಷಯಗಳಿಗೆ ಬೆಂಕಿ ಹಾಕ. "ನಿಮ್ಮ ಫೋಟೋ ತುಂಬ ಹಳೇದು ಅನ್ಸುತ್ತೆ. ಈಗಿನದು ಇದ್ರೆ ಕಳಿಸ್ತೀರಾ? ಮುನ್ನುಡಿಲಿ ಏನನ್ನೂ ತೆಗೆದಿಲ್ಲ, ಸೇರಿಸಿಲ್ಲ ಅಂದಿದೀರಲ್ಲ, ಹತ್ತು ವರ್ಷಾನೇ ತೆಗೆದುಬಿಟ್ಟಿದೀರಿ!" ಎಂದು ನಕ್ಕರು.

ಅವರಿಗೆ ನನ್ನ ಮುಖದ ಸಂಗತಿ ಗೊತ್ತಿಲ್ಲ, ತಮಾಷೆಗೆ ಅಂದದ್ದು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸರಕ್ಕನೆ ಫೋನು ಇಟ್ಟೆ. ಆ ಹಳೆಯ ಟೋಪಿಯ ಫೋಟೋ ತೆರೆದು ನೋಡಿದೆ. ಚೌಕಟ್ಟು ಬಿಗಿ, ಬೆಳಕು ಚಪ್ಪಟೆ, ಫೋಕಸ್ ಟೋಪಿಯ ಮೇಲಿದೆ. ಇಷ್ಟು ಕೆಟ್ಟ ಚಿತ್ರವನ್ನು ಯಾರು ತೆಗೆದರೋ. ಭಾನುವಾರದ್ದನ್ನು ಕಳಿಸಿದೆ. ಅದಾದರೂ ನೆಟ್ಟಗಿದೆ.

ಎರಡು ಗಂಟೆ ಉತ್ತರವಿಲ್ಲ. ಆಮೇಲೆ ಬರೀ "ಸಿಕ್ಕಿತು ಮೇಡಂ" ಎಂದು ಬಂತು.

ಜುಲೈ 9, ಬುಧವಾರ

ಕೊನೆಯ ಕರಡು. ಮೋಟಿ ಸರಿಯಾಗಿದ್ದಾಳೆ. ಹರಿದ ಕಿವಿ ಎಡಕ್ಕೆ, ಮೂರು ಚುಕ್ಕೆ ಎಡಕ್ಕೆ, ಗೇಣುದ್ದದ ಬಾಲ, ಅದರಾಚೆ ಬಂಡೆ. ಒಂದು ಕೂದಲೂ ಮುಟ್ಟಿಲ್ಲ. ಬಹಳ ಹೊತ್ತು ನೋಡಿದೆ.

ಆಮೇಲೆ ಒಳಮಡಿಕೆ ತೆರೆದೆ. ಯಾರೋ ನನ್ನಂಥವಳು ಕೂತಿದ್ದಾಳೆ. ಬಾಯಿ ಎಡಕ್ಕೆ ಎಳೆದಿದೆ, ಬಲಗಣ್ಣು ಬಿಟ್ಟಕಣ್ಣು. ಈ ಸಲ ನಾನು ಮೋಸಹೋಗಲಿಲ್ಲ. ಆ ಪಾಪಿ ತಿರುಗಿಸಿದ್ದಾನೆ!

ಫೋನು ಹಚ್ಚಿದೆ. ಕತ್ತರಿ ಹೇಳುವುದು: "ನೀವು ಪುಟದಿಂದ ಆಚೆ ನೋಡ್ತಾ ಇದ್ರಿ ಮೇಡಂ. ಬರಹದ ಕಡೆ ನೋಡ್ಲಿ ಅಂತ ತಿರುಗಿಸಿದೆ. ಮುಖ ತಾನೇ, ಏನು ವ್ಯತ್ಯಾಸ ಆಗುತ್ತೆ? ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತೆ. ನನ್ನ ಮುಖ ಬಿದ್ದಿರೋದು ಎಡಗಡೆ."

"ಚಿತ್ರದಲ್ಲಿ ನಮ್ಮ ಎಡನಾ, ನಿಮ್ಮ ಎಡನಾ ಮೇಡಂ?"

ಬಾಯಲ್ಲಿ ಹೇಳಿದರೆ ಇವನ ತಲೆಗೆ ಹೋಗುವುದಿಲ್ಲ. ವಿಡಿಯೋ ಹಾಕಿದೆ. ಅವನ ಹಿಂದೆ ಕಚೇರಿಯ ಇನ್ನೂ ನಾಲ್ಕೈದು ಜನ ನಿಂತಿದ್ದರು, ನಿಲ್ಲಲಿ. ಮುಖವನ್ನು ಪರದೆಗೆ ತಂದು ಎಡಗೆನ್ನೆಗೆ ಬೆರಳಿಟ್ಟು ತೋರಿಸಿದೆ. ಇದು ಎಡ. ಇದು ಬಿದ್ದಿರೋ ಕಡೆ. ಈ ಕಣ್ಣು ಮುಚ್ಚಲ್ಲ. ನೀವು ಹಾಕಿರೋದು ನನ್ನ ಮುಖ ಅಲ್ಲ, ಕಳಿಸಿದ್ದನ್ನ ಕಳಿಸಿದ ಹಾಗೇ ಹಾಕಿ.

"ಹಾಕ್ತೀನಿ ಮೇಡಂ" ಎಂದ, ಸಣ್ಣ ದನಿಯಲ್ಲಿ.

ನನಗೆ ನಂಬಿಕೆಯಿಲ್ಲ. ನಾಳೆ ಮಧ್ಯಾಹ್ನದೊಳಗೆ ಸರಿಯಾದ ಕರಡು ಬರದಿದ್ದರೆ ಬಸ್ಸು ಹಿಡಿದು ಹೋಗಿ ಅವನ ಮೇಜಿನ ಎದುರಿಗೇ ಕೂರುತ್ತೇನೆ.